ನಕಲು ಎಂದು ಬರೆದವನು

ಕಳೆದ ಭಾನುವಾರ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಧಾರವಾಡದ ಗೆಳೆಯನೊಬ್ಬನ ಗೃಹಪ್ರವೇಶ. ಪೂಜೆ ಮುಗಿದದ್ದೇ ತಡ, ನಮ್ಮವರ ರೂಢಿಯಂತೆ ಗಂಡಸರೆಲ್ಲ ಗರಾಜಿಗೆ ನುಗ್ಗಿದರು. ಗೋಡೆಯ ಮೇಲಿನ ಸೋಲಾರ್ ಇನ್ವರ್ಟರನ್ನೂ ಕೆಳಗೆ ನಿಂತಿದ್ದ ಎಲೆಕ್ಟ್ರಿಕ್ ಕಾರನ್ನೂ ಮದುವೆ ಹೆಣ್ಣನ್ನು ನೋಡುವಂತೆ ನೋಡಿದರು. ಎರಡೂ ಚೀನಾದವು.

"ಏನ ಅನ್ರಿ, ಎಲ್ಲಾ ಕದ್ದ ಮಾಲ," ಎಂದರು ಬೆಳಗಾವಿಯ ಅಂಕಲ್ ಒಬ್ಬರು, ಬಾಯಿಗೆ ಪೇಡೆ ಹಾಕಿಕೊಳ್ಳುತ್ತ. ಆಮೇಲೆ ನನ್ನ ಕಡೆ ಕೈ ಮಾಡಿ, "ಇವರ ಲ್ಯಾಬ್ ಮುಚ್ಚಿಸಿದವರೂ ಅವರ. ಹೌದಲ್ರೀ?"

ನನ್ನ ಮೈಯೆಲ್ಲ ಉರಿಯಿತು. "ಅವರು ಕದ್ದಿಲ್ಲರೀ ಅಂಕಲ್. ಕದ್ದಾರಂತ ಸುಳ್ಳು ಬರದಾಂವ ನಾನ," ಎಂದೆ.

ಊಟಕ್ಕೆ ಕರೆಯಲು ಬಂದಿದ್ದ ಹೆಂಡತಿ ಕಣ್ಣಲ್ಲೇ ಗದರಿದಳು. "ಹೋಗ್ಲಿ ಬಿಡ್ರಿ, ಊಟಾ ಆರಾಕತ್ತೈತಿ," ಎಂದು ಯಾರೋ ಎದ್ದರು. ಏನು ಸುಳ್ಳು, ಯಾಕೆ ಬರೆದೆ ಎಂದು ಒಬ್ಬನೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಡ್ನಿಯದೇ ಪ್ಯಾರಮಟ್ಟಾದಲ್ಲಿದ್ದ, ನಾನು ಕೆಲಸಕ್ಕಿದ್ದ ಕಂಪನಿ ಮನೆಗಳಿಗೆ ಸೋಲಾರ್ ಇನ್ವರ್ಟರ್ ಮಾಡುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಚೀನಾದ ಒಂದು ಇನ್ವರ್ಟರ್ ನಮ್ಮ ಗಿರಾಕಿಗಳನ್ನು ಸೆಳೆಯತೊಡಗಿತು. ಮ್ಯಾನೇಜರ್ ಅದನ್ನು ತಂದು ಲ್ಯಾಬಿನ ಮೇಜಿನ ಮೇಲಿಟ್ಟು, ಬಿಚ್ಚಿ ನೋಡಿ ವರದಿ ಬರೆಯಿರಿ ಎಂದ. ನನ್ನ ಜೊತೆಗಿದ್ದ ಎಂಜಿನಿಯರ್ ಚೀನಾದಿಂದ ಓದಲು ಬಂದು ಇಲ್ಲೇ ನೆಲೆಸಿದ್ದ ಹೆಣ್ಣುಮಗಳು. ಬಿಚ್ಚಿದ ಪ್ರತಿ ಭಾಗವನ್ನೂ ಬಿಳಿ ಕಾಗದದ ಮೇಲಿಟ್ಟು, ಎದುರಿಗೆ ನಮ್ಮ ಇನ್ವರ್ಟರಿನ ಅದೇ ಭಾಗವನ್ನು ಜೋಡಿಸುವುದು ನಮ್ಮಿಬ್ಬರ ಕ್ರಮ. ಆ ದಿನ ನಮ್ಮ ಸಾಲು ಮೇಜು ದಾಟಿ ಕಿಟಕಿಯ ಕಟ್ಟೆ ಹತ್ತಿತು. ಅವರದು ಅರ್ಧ ಮೇಜಿಗೇ ಮುಗಿಯಿತು. ವರ್ಷಗಟ್ಟಲೆ ನಮ್ಮನ್ನು ಕಾಡಿದ್ದ ಬಿಸಿಯ ಸಮಸ್ಯೆಯನ್ನು ಅವರು ಬೇರೆಯದೇ ದಾರಿಯಲ್ಲಿ, ಒಂದು ಫ್ಯಾನ್ ಕೂಡ ಇಲ್ಲದೆ ಬಗೆಹರಿಸಿದ್ದರು. ನಕಲು ಮಾಡಲು ನಮ್ಮ ಹತ್ತಿರ ಅಂಥದ್ದೇನೂ ಇರಲೇ ಇಲ್ಲ.

ಅವಳು ಕಂಡದ್ದನ್ನು ಕಂಡಂತೆ ಬರೆದಳು. ಮ್ಯಾನೇಜರ್ ಅದನ್ನು ಓದಿ ನನ್ನೊಬ್ಬನನ್ನೇ ಒಳಗೆ ಕರೆದ. "ಮೆಲ್ಬರ್ನ್ ಹೆಡ್ ಆಫೀಸಿಗೆ ಇದು ಹಿಡಿಸಲ್ಲ. ನಮ್ಮ ಡಿಸೈನ್ ನಕಲು ಮಾಡಿದ್ದಾರೆ, ಬಾಳಿಕೆ ಬರಲ್ಲ ಅಂತ ಬರಿ," ಎಂದ. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಬೇಕಾದ ನನ್ನ ಪಿಆರ್ ಅರ್ಜಿಗೆ ಸಹಿ ಹಾಕಬೇಕಾದವನು ಅವನೇ. ಅವನು ಆ ಮಾತೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ದೊಡ್ಡವರ ಮುಂದೆ ಹೂಂಗುಟ್ಟುವುದನ್ನು ನಮ್ಮ ಮನೆಗಳಲ್ಲಿ ಅಕ್ಷರಕ್ಕೂ ಮೊದಲೇ ಕಲಿಸುತ್ತಾರೆ. ಬರೆದುಕೊಟ್ಟೆ.

ಮೆಲ್ಬರ್ನಿನ ಸಭೆಯಲ್ಲಿ ಓದಿದವನೂ ನಾನೇ. ಜೊತೆಗೆ ಬಂದಿದ್ದ ಅವಳು ಎದ್ದು ನಿಂತು, ಇದು ಸುಳ್ಳು ಎಂದಳು. ಮೇಜಿನ ತುದಿಯಲ್ಲಿದ್ದ ಹಿರಿಯ ಅಧಿಕಾರಿ, "ನಿಮ್ಮ ದೇಶದ ಮೇಲೆ ನಿಮಗೆ ಅಭಿಮಾನ ಇರೋದು ಸಹಜ ಬಿಡಿ," ಎಂದ. ಸಭೆಯೆಲ್ಲ ನಕ್ಕಿತು. ಅವಳು ನನ್ನ ಕಡೆ ನೋಡಿದಳು. ನಾನು ಹೇಡಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ. ತಿಂಗಳೊಳಗೆ ಅವಳು ಕೆಲಸ ಬಿಟ್ಟಳು.

ನಕಲು ಮಾಲು ತಾನಾಗಿಯೇ ಬಿದ್ದುಹೋಗುತ್ತದೆಂದು ಕಂಪನಿ ಕೈಕಟ್ಟಿ ಕೂತಿತು. ಹೊಸ ಡಿಸೈನಿಗೆ ನಯಾಪೈಸೆ ಬಿಚ್ಚಲಿಲ್ಲ. ಈ ವರ್ಷ ಲ್ಯಾಬ್ ಮುಚ್ಚಿ ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಈಗ ಅದೇ ಚೀನಾದ ಇನ್ವರ್ಟರ್ ತರಿಸಿ ಮೇಲೆ ತಮ್ಮ ಹೆಸರು ಅಂಟಿಸಿ ಮಾರುತ್ತಾರೆ, ನಾಚಿಕೆಗೆಟ್ಟವರು. ಬೀಳ್ಕೊಡುಗೆಯ ದಿನ ಮ್ಯಾನೇಜರ್, ಚೀನಾ ನಮ್ಮನ್ನು ಮುಗಿಸಿತು ಎಂದು ಕಣ್ಣೊರೆಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನ ಕೈಯಿಂದ ಕೇಕ್ ಇಸಿದುಕೊಂಡು ತಿಂದೆನಲ್ಲ, ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ.

ಗೃಹಪ್ರವೇಶದ ಊಟ ಮುಗಿದ ಮೇಲೆ ಕಾರಿನಲ್ಲಿ ಕೂತು ಅವಳಿಗೆ ಫೋನ್ ಮಾಡಿದೆ. ನಾಲ್ಕು ವರ್ಷಗಳಲ್ಲಿ ಅದೇ ಮೊದಲು. ತಪ್ಪಾಯಿತು ಎಂದೆ. ಪಿಆರ್, ಮನೆಯ ಸಾಲ, ಮಕ್ಕಳ ಶಾಲೆ ಎಂದು ನೆವಗಳನ್ನೆಲ್ಲ ಹೇಳಿದೆ.

"ಅವತ್ತು ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ," ಎಂದಳು ಕೊನೆಗೆ. "ಅವರ್ಯಾರೂ ಆ ಇನ್ವರ್ಟರನ್ನು ಬಿಚ್ಚಿ ನೋಡಿರಲಿಲ್ಲ."