ಮೂರನೇ ಗುಮ್ಮಟ

ಆಗೆಲ್ಲ ಬೇಸಿಗೆ ರಜೆಯಲ್ಲಿ ಬಿಸಿಲು ಇಳಿಯುವವರೆಗೆ ನಮ್ಮನ್ನು ಯಾರೂ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಇಳಿದ ಮೇಲೆ ನಾವು ಯಾರೂ ಒಳಗಿರುತ್ತಿರಲಿಲ್ಲ. ಗುತ್ತೂರಿನ ನಮ್ಮ ಬೀದಿಯ ತುಂಬ ಕುಂಟಾಬಿಲ್ಲೆಯ ಗೆರೆಗಳು. ಯಾರದೋ ಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಬಿದ್ದರೆ ಬೀದಿಗೆಲ್ಲ ಬೆಳ್ಳುಳ್ಳಿ ವಾಸನೆ ಹಬ್ಬಿ, ಆಟ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಏಳನೇ ತರಗತಿ ಮುಗಿದ ಆ ವರ್ಷ ನಾನು ಬೀದಿಗೆ ಇಳಿಯಲೇ ಇಲ್ಲ. ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು.

ಅಪ್ಪ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಪಂಪುಗಳಿಗೆ ಬೇಕಾಗುವ ಬಿಡಿಭಾಗಗಳನ್ನು ಅಲ್ಲಿ ಮಾಡುತ್ತಿದ್ದರು. ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಅಪ್ಪ ಕೇಳಿ ತಂದ. ಅದರ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರೂರಿನಿಂದ ಗುತ್ತೂರಿನವರೆಗೂ ಅಪ್ಪನ ಬೈಕಿನ ಹಿಂದೆ ಕೂತು ಬಂದವನು ರುದ್ರಪ್ಪ ದೊಡ್ಡಪ್ಪ.

ದೊಡ್ಡಪ್ಪ ಅಂದರೆ ನಂಟಸ್ತಿಕೆಯಿಂದ ಅಲ್ಲ. ನಮ್ಮ ಬೀದಿಯ ಕೊನೆಯ ಮನೆಯವನು, ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಹದಿನೆಂಟರ ಹುಡುಗನಾಗಿ ಅಪ್ಪ ಅಲ್ಲಿಗೆ ಸೇರಿದಾಗ ಕೈ ಹಿಡಿದು ಕೆಲಸ ಕಲಿಸಿದವನೇ ಅವನು. ಆಮೇಲೆ ಅಪ್ಪ ಮೇಲೇರಿದ, ಅವನು ಲೇತಿನ ಮುಂದೆಯೇ ಉಳಿದ. ಆದರೂ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಒಂದೇ ಬೈಕಿನಲ್ಲಿ ಬರುತ್ತಿದ್ದರು. ಇಬ್ಬರ ಅಂಗಿಗೂ ಒಂದೇ ಎಣ್ಣೆಯ ವಾಸನೆ.

ಆಟ ಕೊಟ್ಟದ್ದು ನನ್ನ ಸೋದರಮಾವ, ಪೆನ್‌ಡ್ರೈವಿನಲ್ಲಿ. ಮಂಗಳ ಗ್ರಹದ ಮೇಲೆ ಊರು ಕಟ್ಟುವ ಆಟ. ಮೊದಲು ಬರೀ ಕೆಂಪು ನೆಲ. ಅಲ್ಲಿ ನೀರು ತೆಗೆಯಬೇಕು, ಗಾಳಿ ತಯಾರಿಸಬೇಕು, ಬಿಸಿಲಿನಿಂದ ಕರೆಂಟ್ ಮಾಡಬೇಕು, ಗಾಜಿನ ಗುಮ್ಮಟ ಕಟ್ಟಿ ಒಳಗೆ ಜನರನ್ನು ಇಡಬೇಕು. ಯಾವುದು ಕಡಿಮೆಯಾದರೂ ಪರದೆಯ ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಪ್ರತಿಯೊಬ್ಬನಿಗೂ ವಯಸ್ಸು, ಕೆಲಸ, ಹೆಸರು. ಹೆಸರನ್ನೂ ಕೆಲಸವನ್ನೂ ನಾವೇ ಬದಲಿಸಬಹುದಿತ್ತು. ನಾನು ನಮ್ಮ ಬೀದಿಯವರನ್ನೆಲ್ಲ ಮಂಗಳಕ್ಕೆ ಸಾಗಿಸಿದೆ. ಅವ್ವನಿಗೆ ತರಕಾರಿ ಬೆಳೆಯುವ ಕೆಲಸ ಕೊಟ್ಟೆ. ರುದ್ರಪ್ಪ ದೊಡ್ಡಪ್ಪನಿಗೆ ಗಾಳಿಯ ಯಂತ್ರ ನೋಡಿಕೊಳ್ಳುವ ಕೆಲಸ.

ಸಂಜೆ ಕೆಲಸದಿಂದ ಬಂದ ದೊಡ್ಡಪ್ಪ ಮನೆಗೆ ಹೋಗುವ ಮೊದಲು ನಮ್ಮಲ್ಲಿ ಚಹಾ ಕುಡಿಯುತ್ತಿದ್ದ. ಕುಡಿಯುತ್ತಲೇ ಪರದೆಯನ್ನು ಇಣುಕಿ ನೋಡುತ್ತಿದ್ದ.

"ಚೇತು, ನಾನೀಗ ಎಲ್ಲಿ ಅದೀನಿ?"

"ಪಂಪಿನ ಹತ್ರ ದೊಡ್ಡಪ್ಪ. ನಿದ್ದೇನೇ ಮಾಡಿಲ್ಲ ನೀನು."

"ಒಂದೇ ಪಂಪ್ ಐತಲ್ಲವ್ವ. ಇನ್ನೊಂದು ಕೂಡ್ರಿಸು. ಇದು ಕೆಟ್ಟು ನಿಂತ್ರೆ ಎಲ್ರೂ ಉಸಿರು ಕಟ್ಟಿ ಸಾಯ್ತಾರೆ."

ಅವನಿಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ, ಆದರೆ ಯಂತ್ರಗಳ ವಿಷಯದಲ್ಲಿ ಅವನು ಹೇಳಿದ್ದು ಒಮ್ಮೆಯೂ ಸುಳ್ಳಾಗಲಿಲ್ಲ. ಎರಡನೇ ಪಂಪ್ ಕೂಡಿಸಿದ ವಾರವೇ ಮೊದಲನೆಯದು ಕೆಟ್ಟಿತು. ಆಟದಲ್ಲಿ ವರ್ಷಗಳು ಬೇಗ ಉರುಳುತ್ತಿದ್ದವು. ನೋಡನೋಡುತ್ತಲೇ ಆಟದೊಳಗಿನ ರುದ್ರಪ್ಪನಿಗೆ ವಯಸ್ಸಾಗಿ ಕೆಲಸದ ಪಟ್ಟಿಯಿಂದ ಹೆಸರು ಹೋಯಿತು. ವಯಸ್ಸಾದವರಿಗೆಂದೇ ನಾನು ಮೂರನೇ ಗುಮ್ಮಟ ಕಟ್ಟಿದ್ದೆ. ಅವನನ್ನೂ ಅಲ್ಲಿಗೆ ಕಳಿಸಿದೆ. ಹೇಳಿದಾಗ ದೊಡ್ಡಪ್ಪ ತುಂಬ ಹೊತ್ತು ನಕ್ಕ.

"ಅಲ್ಲಿ ಚಹಾ ಸಿಗ್ತೈತಾ ಕೇಳು. ಸಿಕ್ರೆ ನಾನು ಇವತ್ತೇ ಹೋಗ್ತೀನಿ."

ಏಪ್ರಿಲ್ ಮುಗಿಯುವ ಹೊತ್ತಿಗೆ ಅಪ್ಪನ ಮಾತು ಕಡಿಮೆಯಾಯಿತು. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದ. ಅವ್ವ ಕೇಳಿದರೆ, "ಆರ್ಡರ್ ಕಮ್ಮಿ ಆಗ್ಯಾವೆ" ಅನ್ನುತ್ತಿದ್ದ. ನನಗೆ ಅದರ ಅರ್ಥ ಬೇಕಿರಲಿಲ್ಲ. ಆ ದಿನಗಳಲ್ಲಿ ಮಂಗಳದ ಮೇಲೆ ಧೂಳಿನ ಬಿರುಗಾಳಿ ಎದ್ದಿತ್ತು. ಬಿಸಿಲಿಲ್ಲ, ಹಾಗಾಗಿ ಕರೆಂಟ್ ಇಲ್ಲ. ಕರೆಂಟ್ ಇಲ್ಲದೆ ಗಾಳಿಯ ಯಂತ್ರಗಳು ಅರ್ಧ ಕೆಲಸ ಮಾಡುತ್ತಿದ್ದವು. ಮೂಲೆಯ ಕೆಂಪು ದೀಪ ಎರಡು ದಿನದಿಂದ ಆರಿರಲಿಲ್ಲ.

ಅದು ಭಾನುವಾರ ಮಧ್ಯಾಹ್ನ. ಅಪ್ಪ ಯಾವತ್ತೂ ನನ್ನ ಆಟ ನೋಡಿದವನಲ್ಲ. ಆ ದಿನ ಬಂದು ನನ್ನ ಹಿಂದೆ ಮಂಚದ ಮೇಲೆ ಕೂತ.

"ಏನಾತು ನಿನ್ನ ಊರಿಗೆ?"

ನಾನು ವಿವರಿಸಿದೆ. ಅವನು ಗಮನವಿಟ್ಟು ಕೇಳಿದ.

"ಈಗೇನ್ ಮಾಡ್ತೀಯ?"

"ಒಂದು ಗುಮ್ಮಟದ ಗಾಳಿ ಬಂದ್ ಮಾಡ್ಬೇಕಪ್ಪ. ಇಲ್ಲಾಂದ್ರೆ ಮೂರೂ ಹೋಗ್ತಾವೆ."

"ಯಾವ್ದು ಬಂದ್ ಮಾಡ್ತೀಯ?"

"ಮೂರನೇದು. ವಯಸ್ಸಾದೋರು ಇರೋದು. ಗಾಳಿ ಎಲ್ಲಾರಷ್ಟೇ ತಗಂತಾರೆ, ಕೆಲಸ ಮಾತ್ರ ಮಾಡಲ್ಲ."

ಅಪ್ಪ ಪರದೆಯ ಕಡೆ ಬಾಗಿದ. "ಅದ್ರಾಗೆ ರುದ್ರಪ್ಪಣ್ಣ ಅದಾನಲ್ಲ?"

"ಅದಾನೆ. ಏನ್ ಮಾಡಾಕಾಗುತ್ತೆ? ಉಳಿದೋರು ಬದುಕ್ಬೇಕಲ್ಲ."

"ನಿಂಗೇನೂ ಅನ್ಸಲ್ಲ?"

"ಆಟ ಅಲ್ಲೇನಪ್ಪ," ಎಂದು ನಾನು ಗುಂಡಿ ಒತ್ತಿದೆ.

ಮೂರನೇ ಗುಮ್ಮಟದ ದೀಪಗಳು ಒಂದೊಂದಾಗಿ ಆರಿದವು. ಒಳಗಿದ್ದವರ ಹೆಸರುಗಳು ಬೂದು ಬಣ್ಣಕ್ಕೆ ತಿರುಗಿದವು. ಸ್ವಲ್ಪ ಹೊತ್ತಿಗೆ ಮೂಲೆಯ ಕೆಂಪು ದೀಪ ಹಸಿರಾಯಿತು. ಹೆಮ್ಮೆಯಿಂದ ಹಿಂತಿರುಗಿ ನೋಡಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ, ಎದ್ದು ಹೊರಗೆ ಹೋದ.

ಬುಧವಾರ ಸಂಜೆ ಬೈಕಿನ ಸದ್ದು ಕೇಳಿ ಬಾಗಿಲಿಗೆ ಹೋದೆ. ಅಪ್ಪ ಒಬ್ಬನೇ ಬಂದಿದ್ದ. ದೊಡ್ಡಪ್ಪ ಎಲ್ಲಿ ಎಂದು ಕೇಳಿದರೆ ನನ್ನನ್ನು ದಾಟಿ ಬಚ್ಚಲಿಗೆ ಹೋದ. ಬಿರುಗಾಳಿ ನಿಂತಿತು, ಊರು ಉಳಿಯಿತು ಎಂದು ದೊಡ್ಡಪ್ಪನಿಗೆ ಹೇಳಬೇಕಿತ್ತು. ಓಡಿದೆ.

ದೊಡ್ಡಪ್ಪ ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಚೀಲ. ಅದರಲ್ಲಿ ಅವನ ಕಾರ್ಖಾನೆಯ ಅಂಗಿ, ಚಪ್ಪಲಿ, ಅಳತೆಯ ಸಾಮಾನು. ಅವನ ಹೆಂಡತಿ ಗಂಗಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಅವಳೇ ಮಾತು ತೆಗೆದಳು.

"ನಾಳೆಯಿಂದ ಬರಾದು ಬ್ಯಾಡ ಅಂದಾರಂತೆ. ಇವರೊಬ್ರೇ ಅಲ್ಲ, ಆರು ಮಂದಿ. ವಯಸ್ಸಾದೋರ್ನೇ ಆರಿಸಿ ತೆಗದಾರೆ."

"ಯಾರು?"

"ಇವಳನ್ಯಾಕ ಎಳೀತೀಯ," ಎಂದ ದೊಡ್ಡಪ್ಪ.

"ಯಾಕ ಎಳೀಬಾರ್ದು? ಪಟ್ಟಿ ಬರೆದಿದ್ದು ಇವರಪ್ಪ. ಅವನ ಅಕ್ಷರ ನಿಮಗೆ ಗೊತ್ತಿಲ್ಲೇನು?"

ಕಿವಿಯಲ್ಲಿ ನನ್ನದೇ ದನಿ ಕೇಳಿಸುತ್ತಿತ್ತು, ಗಾಳಿ ಎಲ್ಲಾರಷ್ಟೇ ತಗಂತಾರೆ ಎಂದು ಹೇಳುತ್ತಿದ್ದ ಆ ಚುರುಕು ದನಿ. ಅಪ್ಪ ಕೇಳಿದ್ದು ಆಟದ ಬಗ್ಗೆ ಅಲ್ಲ. ನಾನು ಉತ್ತರ ಹೇಳಿದ್ದೆ, ಅವನು ಅದನ್ನು ಬರೆದುಕೊಂಡು ಹೋಗಿದ್ದ. ಜಗಲಿಯ ಕಂಬ ಹಿಡಿದು ನಿಂತೆ.

"ದೊಡ್ಡಪ್ಪ, ನಾನೇ ಹೇಳಿದ್ದು ಅಪ್ಪಂಗೆ. ವಯಸ್ಸಾದೋರ್ನ ತೆಗಿ ಅಂತ."

ಅವನಿಗೆ ಅರ್ಥವಾಗಲಿಲ್ಲ. ತಡವರಿಸುತ್ತ ಎಲ್ಲ ಹೇಳಿದೆ. ಕೇಳಿ ನಗಲು ಯತ್ನಿಸಿದ. "ಆಟದ ಮಾತಿಗೆ ಯಾರಾರ ಕೆಲಸ ಕಳಕಂತಾರೇನವ್ವ? ಹೋಗು, ಮನೆಗೆ ಹೋಗು." ನಗು ಪೂರ್ತಿಯಾಗಲಿಲ್ಲ. ನಾನು ಹೊರಡುವಾಗ ಮೆಲ್ಲಗೆ ಕೇಳಿದ: "ನಿಮ್ಮಪ್ಪ ನನ್ನ ಹೆಸರು ಹೇಳಿದ್ನಾ, ನೀನು ಗಾಳಿ ಬಂದ್ ಮಾಡೋ ಮುಂಚೆ?"

ಹೌದೆಂದೆ. ಅವನು ತಲೆಯಾಡಿಸಿದ. ಅಷ್ಟೇ.

ಮನೆಗೆ ಬಂದು ಆ ಆಟವನ್ನು ಅಳಿಸಿ ಹಾಕಿದೆ. ಅವ್ವನಿಗೆ ಹೇಳಿದರೆ, "ಬಾಯ್ಮುಚ್ಕೊಂಡು ಇರು, ನಿಮ್ಮಪ್ಪನ ಮುಂದೆ ಎತ್ತಬ್ಯಾಡ," ಎಂದಳು. ಎತ್ತಲಿಲ್ಲ. ದೊಡ್ಡಪ್ಪ ಹರಿಹರದ ಒಂದು ಪಂಪ್ ರಿಪೇರಿ ಅಂಗಡಿ ಸೇರಿದ. ದಾರಿಯಲ್ಲಿ ಸಿಕ್ಕರೆ ಓದು ಹೇಗಿದೆ ಎಂದು ಕೇಳುತ್ತಿದ್ದ. ನಮ್ಮ ಮನೆಯ ಮೆಟ್ಟಿಲನ್ನು ಮಾತ್ರ ಮತ್ತೆ ತುಳಿಯಲಿಲ್ಲ. ಒಂದೇ ಬೀದಿಯಲ್ಲಿದ್ದೂ ಅವನೂ ಅಪ್ಪನೂ ಮಾತು ಬಿಟ್ಟರು.

ನಾನು ಓದಿ, ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ದಿನಕ್ಕೆ ಎಷ್ಟೋ ಜನರ ಹೆಸರು ಬರೆಯುತ್ತೇನೆ. ಆ ಆರು ಹೆಸರುಗಳನ್ನು ನಾನೇ ಬರೆಸಿದೆ ಎಂಬ ನಂಬಿಕೆ ಇಷ್ಟು ವರ್ಷವೂ ನನ್ನೊಳಗೇ ಇತ್ತು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಮಣ್ಣು ಮಾಡುವಾಗ ಅಪ್ಪ ಜನರ ಹಿಂದೆ, ಬೇಲಿಯ ಪಕ್ಕದಲ್ಲಿ ನಿಂತಿದ್ದ. ಕರೆದರೂ ಮುಂದೆ ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಹಿತ್ತಲಲ್ಲಿ ಕೂತಾಗ ನಾನು ಕೊನೆಗೂ ಕೇಳಿದೆ.

"ಅಪ್ಪ, ಅವತ್ತು ನಾನು ಹೇಳಿದ್ದಕ್ಕೇ ದೊಡ್ಡಪ್ಪನ ಹೆಸರು ಬರೆದ್ಯಾ?"

ಯಾವ ದಿನ ಎಂದು ಅವನು ಕೇಳಲಿಲ್ಲ. ಅವನೂ ಅದನ್ನೇ ಯೋಚಿಸುತ್ತಿದ್ದನೇನೋ.

"ಇಲ್ಲವ್ವ. ಪಟ್ಟಿ ಶುಕ್ರವಾರವೇ ಮಾಲೀಕರಿಗೆ ಕೊಟ್ಟಿದ್ದೆ. ಭಾನುವಾರಕ್ಕೆ ಮೊದ್ಲು."

ಇಷ್ಟು ವರ್ಷ ನಾನು ಹೊತ್ತದ್ದು ನನ್ನದಾಗಿರಲಿಲ್ಲ.

"ಮತ್ತೆ ನನ್ನ ಯಾಕ ಕೇಳ್ದೆ?"

ಅಪ್ಪ ಒದ್ದೆ ಟವೆಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಸೋಮವಾರದ ತನಕ ವಾಪಸ್ ತಗಳಾಕೆ ಆಗ್ತಿತ್ತು. ನೀನು ಬ್ಯಾಡ ಅಂತೀಯೇನೋ ಅಂತ ಕೇಳ್ದೆ. ರುದ್ರಪ್ಪಣ್ಣನ ಹೆಸರು ಅದಕ್ಕೇ ಹೇಳಿದ್ದು. ನೀನು ಬ್ಯಾಡ ಅಂದಿದ್ರೆ ಹೋಗಿ ಹರಿದು ಹಾಕ್ತಿದ್ದೆ."

ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಹದಿಮೂರರ ಹುಡುಗಿಯ ಬಾಯಿಂದ ಅಂಥದ್ದೊಂದು ಮಾತನ್ನು ಬಯಸಿದ್ದಕ್ಕೆ, ತಾನೇ ಹೇಳಬೇಕಾದ್ದನ್ನು ಹೇಳದೆ ಉಳಿದದ್ದಕ್ಕೆ. ಸಿಟ್ಟು ಬಂತು ಕೂಡ. ಆದರೆ ಅದಕ್ಕಿಂತ ಮೊದಲು ನೆನಪಾದದ್ದು ಬೇರೆ. ಆ ಭಾನುವಾರದ ಮೇಲೆ ಅಪ್ಪ ನನ್ನನ್ನು ಏನನ್ನೂ ಕೇಳಿಲ್ಲ. ನಾನು ಯಾವ ಕಾಲೇಜು ಸೇರಬೇಕು ಎಂದಾಗಲಿ, ಮನೆಗೆ ಯಾವ ಬಣ್ಣ ಹೊಡೆಸಬೇಕು ಎಂದಾಗಲಿ ಕೇಳಲಿಲ್ಲ. ಎಲ್ಲವನ್ನೂ ತಾನೇ ತೀರ್ಮಾನಿಸಿ, ಆದ ಮೇಲೆ ಹೇಳುತ್ತಾನೆ. ಅಪ್ಪಂದಿರು ಹೀಗೇ ಇರುತ್ತಾರೆ ಎಂದುಕೊಂಡು ನಾನು ಬೆಳೆದಿದ್ದೆ. ಒಬ್ಬ ತಂದೆ ಮಗಳ ಮಾತಿಗೆ ಕಾದು ಕೂತ ಮಧ್ಯಾಹ್ನ ನನ್ನ ಬಾಲ್ಯದಲ್ಲಿ ಒಂದೇ ಒಂದು ಇತ್ತು. ಅದು ಬಂದು ಹೋದದ್ದು ನನಗೆ ಗೊತ್ತಾಗಲೂ ಇಲ್ಲ.