ಎಮ್ಮೆಗೆ ಹೇಳುವ ಮಾತು

ನಮ್ಮ ಮೂನ್ ನದಿಯ ದಂಡೆಯ ಊರುಗಳಲ್ಲಿ ಬುನ್ನಾಕನಷ್ಟು ಕೈಮುಗಿಯುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಎದ್ದರೆ ಚಾಪೆಗೆ, ಇಳಿದರೆ ಏಣಿಗೆ, ಉಂಡರೆ ಅನ್ನದ ಬುಟ್ಟಿಗೆ. ಭತ್ತ ಕುಟ್ಟುವ ಒರಳಿಗೂ "ನಿನ್ನಿಂದ ಬದುಕಿದೆವು ತಾಯಿ" ಅನ್ನುತ್ತಿದ್ದ. ಅವನ ಹೆಂಡತಿ ಪೆಂಗ್ ಬಾವಿಕಟ್ಟೆಯಲ್ಲಿ ಹೆಂಗಸರನ್ನು ನಗಿಸುತ್ತಿದ್ದಳು: "ನಾನೂ ಒರಳಾಗಿ ಹುಟ್ಟಿದ್ರೆ ನಂಗೂ ಒಂದು ನಮಸ್ಕಾರ ಸಿಗ್ತಿತ್ತು ಕಣ್ರೇ."

ನಾಟಿ ಮುಗಿದ ಮೇಲೆ ಎಮ್ಮೆಗಳನ್ನು ತೊಳೆದು, ಹೂ ಮುಡಿಸಿ, ಅವುಗಳ ಉಪಕಾರ ನೆನೆದು, ತಪ್ಪಾಯಿತು ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪ್ರಾಸ ಕೂಡಿಸಿ ಆ ಮಾತುಗಳನ್ನು ಹೇಳಲು ಬುನ್ನಾಕನೇ ಬೇಕು. ಬಿಸಿಲಲ್ಲಿ ದುಡಿಸಿದೆವು, ಮಳೆಯಲ್ಲಿ ನಿಲ್ಲಿಸಿದೆವು, ಹೊಟ್ಟೆಗೆ ಹಾಕುವ ಮೊದಲೇ ನೊಗ ಹಾಕಿದೆವು, ಬೈದೆವು, ಬಡಿದೆವು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ತಾಯಿ ಎಂದು ಅವನು ರಾಗ ಎಳೆದರೆ ಒರಟು ಗಂಡಸರೂ ಮೂಗು ಒರೆಸಿಕೊಳ್ಳುತ್ತಿದ್ದರು. ಮರುದಿನ ಬೇರೆ ಊರಿನಿಂದ ಕರೆ ಬರುತ್ತಿತ್ತು. ಅವನಿಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು, ಇಲ್ಲವೆಂದರೆ ಸುಳ್ಳಾದೀತು.

ಆ ವರ್ಷ ಮಾತ್ರ ಕರೆ ಬಂದರೆ ಅವನಿಗೆ ಬೇಡವೆನಿಸುತ್ತಿತ್ತು. ಕಾರಣ ಅಳಿಯ ಖಾಮ್ಲಾ.

ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಮಾವನ ಗದ್ದೆ ಗೇಯುವುದು ನಮ್ಮ ಕಡೆಯ ರೂಢಿ. ಖಾಮ್ಲಾ ಬಂದಾಗಿನಿಂದ ಬುನ್ನಾಕ್ ನೇಗಿಲು ಮುಟ್ಟಿದ್ದು ಅಪರೂಪ. ಅನ್ನ ಅಳಿಯನ ದುಡಿಮೆಯದು, ನಮಸ್ಕಾರ ಬುಟ್ಟಿಗೆ. ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ. ಮನೆಯವನಿಗೆ ಯಾರಾದರೂ ಉಪಕಾರವಾಯಿತು ಅನ್ನುತ್ತಾರೆಯೇ? ಹಾಗೆಂದೇ ಬುನ್ನಾಕನೂ ತಿಳಿದಿದ್ದ.

ನಾಟಿಯ ದಿನಗಳಲ್ಲಿ ಒಮ್ಮೆ ಖಾಮ್ಲಾ ಉಳುತ್ತಿದ್ದಾಗ ನೇಗಿಲು ಕೆಸರಿನೊಳಗಿನ ಮರದ ಬೊಡ್ಡೆಗೆ ಸಿಕ್ಕಿ ಗುಳ ಮುರಿಯಿತು. ಎಮ್ಮೆ ಮುಗ್ಗರಿಸಿ ಮಂಡಿ ತರಚಿಕೊಂಡಿತು. ಬದುವಿನ ಮೇಲೆ ಕೂತಿದ್ದ ಬುನ್ನಾಕ್ ಓಡಿಬಂದವನೇ ಎಮ್ಮೆಯ ಮಂಡಿ ಸವರಿ, ತಿರುಗಿ, ಕೈಯಲ್ಲಿದ್ದ ಬಿದಿರ ಕೋಲಿನಿಂದ ಖಾಮ್ಲಾನ ಬೆನ್ನಿಗೆ ಬಾರಿಸಿದ. ನಾಟಿಗೆ ಬಂದಿದ್ದ ನೆರೆಹೊರೆಯವರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡಿದರು. ಖಾಮ್ಲಾ ಮುರಿದ ಗುಳ ಬಿಚ್ಚಿ ಹೆಗಲಿಗೇರಿಸಿ ಹೊರಟ. ಅಂಗಿಯ ಮೇಲೆ ಕೆಸರಿನ ಒಂದು ಗೆರೆ ಬಿದ್ದಿತ್ತು.

ಅಂದಿನಿಂದ ಅವನು ಅತ್ತೆ ಮಾವಂದಿರ ಜೊತೆ ಊಟಕ್ಕೆ ಕೂರಲಿಲ್ಲ. ಕೆಲಸ ಮಾತ್ರ ಒಂದಿಷ್ಟೂ ಕಮ್ಮಿ ಮಾಡಲಿಲ್ಲ, ಅದೇ ಬುನ್ನಾಕನನ್ನು ಹೆಚ್ಚು ಸುಟ್ಟಿತು. ಕೊನೆಗೆ ಮಗಳು ಸುಪಾಪ್ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಬಂದು, ನೆಲ ನೋಡುತ್ತ ಹೇಳಿದಳು: "ಎಮ್ಮೆ ಪೂಜೆ ಮುಗೀಲಿ ಅಪ್ಪಾ. ಆಮೇಲೆ ನಾವು ಅವರ ಅಣ್ಣನ ಊರಿಗೆ ಹೋಗ್ತೀವಿ."

"ನೀನೂ ಹೋಗ್ತೀಯಾ?"

"ಬೆನ್ನಿಗೆ ಎಣ್ಣೆ ಹಚ್ಚಿದವಳು ನಾನು."

ಬುನ್ನಾಕನಿಗೆ ತಪ್ಪು ಗೊತ್ತಿತ್ತು. ಪ್ರತಿದಿನ ಹೇಳಬೇಕೆಂದು ಅಳಿಯನ ಹತ್ತಿರ ಹೋಗುವನು, "ಬೇಲಿ ಸಡಿಲಾಗಿದೆ" ಎಂದು ಹೇಳಿ ಬರುವನು. ಎಮ್ಮೆಯ ಮುಂದೆ ಹರಿಯುವ ನಾಲಿಗೆ ಮನುಷ್ಯನ ಮುಂದೆ ಹೊರಳುತ್ತಿರಲಿಲ್ಲ. ಆಗ ಅವನಿಗೊಂದು ಉಪಾಯ ಹೊಳೆಯಿತು. ಅಂಜುಬುರುಕರಿಗೇ ಇಂಥ ಉಪಾಯಗಳು ಹೊಳೆಯುವುದು.

ಪೂಜೆಯ ದಿನ ಅಂಗಳ ತುಂಬ ಜನ. ಬಾಳೆಲೆಯ ಗೋಪುರ, ಹೂ, ಮೊಟ್ಟೆ, ಮನೆಯಲ್ಲಿ ಇಳಿಸಿದ ಹೆಂಡ ಎಲ್ಲ ಸಜ್ಜಾಗಿತ್ತು. ಎಮ್ಮೆಯ ಹಗ್ಗ ಹಿಡಿದು ಖಾಮ್ಲಾ ನಿಂತಿದ್ದ. ಬುನ್ನಾಕ್ ರಾಗ ಎತ್ತಿದ. ಬಿಸಿಲಲ್ಲಿ ದುಡಿಸಿದೆವು ಅನ್ನುವಾಗ ಅವನ ಕಣ್ಣು ಎಮ್ಮೆಯಿಂದ ಜಾರಿ ಅಳಿಯನ ಮೇಲೆ ನಿಂತಿತು. ಬೈದೆವು, ಬಡಿದೆವು ಅನ್ನುವಾಗ ಅವನತ್ತ ಒಂದು ಹೆಜ್ಜೆ ಇಟ್ಟ. ಎಮ್ಮೆಯ ಕೋಡಿಗೆ ಹರಸುವ ಬಿಳಿ ನೂಲು ಕಟ್ಟಿ, ಉಳಿದ ಎಳೆಯನ್ನು ಖಾಮ್ಲಾನ ಕೈಗೆ ಕಟ್ಟಲು ಹೋದ.

ಪಕ್ಕದ ಮನೆಯ ಲೋಮ್, ಹೆಂಡ ಕುಡಿದವನು, ಸುಮ್ಮನಿರಬೇಕಲ್ಲ! "ಅಳಿಯನಿಗೂ ಕೋಡು ಮೂಡಿತೇನಪ್ಪಾ? ಇನ್ನು ಒಂದೇ ನೊಗಕ್ಕೆ ಇಬ್ಬರನ್ನೂ ಹೂಡು!" ಅಂಗಳ ಘೊಳ್ಳೆಂದು ನಕ್ಕಿತು. ಖಾಮ್ಲಾ ಕೈ ಎಳೆದುಕೊಂಡ. ಕಿವಿಯ ತುದಿಯವರೆಗೆ ಕೆಂಪೇರಿತ್ತು. ಎಮ್ಮೆಯನ್ನು ಹೊಡೆದುಕೊಂಡು ಕೊಳದ ಕಡೆ ನಡೆದುಬಿಟ್ಟ.

ಪೆಂಗ್ ಗಂಡನನ್ನು ಹಿತ್ತಲಿಗೆ ಎಳೆದಳು. "ಮನುಷ್ಯರ ಮಾತು ಮರೆತುಹೋಯ್ತಾ ನಿಂಗೆ? ಎಮ್ಮೆಗೆ ಹೇಳೋದನ್ನ ಅವನಿಗೆ ಹೇಳ್ತೀಯಲ್ಲಾ, ಅವನೇನು ಹುಲ್ಲು ತಿಂತಾನಾ?"

"ತಪ್ಪಾಯ್ತು ಅಂತ ಹೇಳೋಕೇ ಹೋಗಿದ್ದು."

"ನಂಗ್ಯಾಕೆ ಹೇಳ್ತೀಯ? ಹೋಗು."

ಕೊಳದಲ್ಲಿ ಎಮ್ಮೆ ಮೂಗಿನವರೆಗೆ ಮುಳುಗಿತ್ತು. ದಡದಲ್ಲಿ ಕೂತಿದ್ದ ಖಾಮ್ಲಾ ಮಾವನನ್ನು ಕಂಡು ಎದ್ದು ನಿಂತ. ಆ ಮರ್ಯಾದೆಯೇ ಬುನ್ನಾಕನಿಗೆ ಚುಚ್ಚಿತು. ಪ್ರಾಸವಿಲ್ಲ, ರಾಗವಿಲ್ಲ, ಹಾಗೇ ಹೇಳಿದ.

"ಅವತ್ತು... ಹೊಡೀಬಾರದಿತ್ತು. ನಂದೇ ತಪ್ಪು."

"ಹೊಡೆದಾಗ ಊರೇ ನೋಡ್ತಿತ್ತು ಮಾವ. ಇಲ್ಲಿ ಯಾರಿದ್ದಾರೆ?"

ಬುನ್ನಾಕ್ ಅಂಗಳಕ್ಕೆ ಮರಳಿದ. ಆ ದಾರಿಯಲ್ಲಿ ಅವನಿಗೆ ಮನೆ ಬಿಟ್ಟು ಓಡಿಹೋಗೋಣ ಅನ್ನಿಸಿತ್ತು, ಹಾಗೆಂದು ಅವನೇ ಆಮೇಲೆ ನಮಗೆ ಹೇಳಿದ. ಜನ ಇನ್ನೂ ಉಣ್ಣುತ್ತಿದ್ದರು. ಹಿಂದೆಯೇ ಬಂದ ಖಾಮ್ಲಾ ಬೇಲಿಯ ಹತ್ತಿರ ನಿಂತ. ಬುನ್ನಾಕ್ ಕೂರದೆ, ಕೈಮುಗಿಯದೆ, ಸುಮ್ಮನೆ ಹೇಳಿದ: "ನಾಟೀಲಿ ನನ್ನ ಅಳಿಯನ ಬೆನ್ನಿಗೆ ಹೊಡೆದೆ. ಬೊಡ್ಡೆ ಇದ್ದದ್ದು ಅವನ ತಪ್ಪಲ್ಲ. ನೀವೀಗ ತಿಂತಿರೋ ಅನ್ನ ಅವನು ಬೆಳೆದದ್ದು. ಇಷ್ಟು ವರ್ಷ ಬುಟ್ಟಿಗೆ ಕೈಮುಗಿದೆ, ಅವನಿಗೆ ಒಂದು ಒಳ್ಳೆ ಮಾತೂ ಆಡ್ಲಿಲ್ಲ." ಲೋಮ್ ಬಾಯಿ ತೆರೆದ, ಅವನ ಹೆಂಡತಿ ತೊಡೆಗೆ ಚಿವುಟಿದಳು. ಉಳಿದವರು ಕೈಯಲ್ಲಿದ್ದ ತುತ್ತನ್ನು ಏನು ಮಾಡುವುದೆಂದು ತಿಳಿಯದೆ ಕೂತರು.

"ಕೇಳಿಸ್ತು ಮಾವ," ಅಂದ ಖಾಮ್ಲಾ.

ಆದರೂ ಅವರು ಹೊರಟರು. ಬೆಳಿಗ್ಗೆ ಗಾಡಿಗೆ ಚಾಪೆ, ಪಾತ್ರೆ, ಕೋಳಿಬುಟ್ಟಿ ಏರಿಸಿದ್ದಾಯಿತು. ಪೆಂಗ್ ಮೊಮ್ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಬುನ್ನಾಕ್ ಗಾಡಿಯ ಪಕ್ಕ ನಿಂತು, ತಡೆಯುವ ಹಕ್ಕು ತನಗಿಲ್ಲವೆಂದು ತಿಳಿದೂ ಕೇಳಿಯೇಬಿಟ್ಟ: "ಕೊಯ್ಲಿಗೆ?"

"ಬರ್ತೀನಿ," ಅಂದ ಖಾಮ್ಲಾ, ಹಗ್ಗ ಬಿಗಿಯುತ್ತಲೇ. "ಹೊರಗಿನವರನ್ನ ಹೇಗೆ ಕರೀತೀರೋ ಹಾಗೆ ಕರೀರಿ. ಮನೆಗೆ ಬಂದು."

ಹೊರಗಿನವರು ಒಂದು ದಿನ ಕೊಯ್ದುಕೊಟ್ಟರೆ ಬುನ್ನಾಕ್ ಅವರ ಮನೆಬಾಗಿಲಿಗೆ ಹೋಗಿ ಕರೆಯುತ್ತಿದ್ದ, ಕೋಳಿ ಕೊಯ್ಯಿಸುತ್ತಿದ್ದ, ತಾನೇ ಬಡಿಸುತ್ತಿದ್ದ, ಹೊರಡುವಾಗ ಬೀದಿಯವರೆಗೆ ಕಳಿಸಿಬರುತ್ತಿದ್ದ. ಇಷ್ಟು ಸಿಗಲು ತನ್ನ ಅಳಿಯ ಮನೆ ಬಿಟ್ಟು ಹೊರಗಿನವನಾಗಬೇಕಾಯಿತು ಎಂಬುದು ಗಾಡಿ ತಿರುವು ದಾಟುವಾಗ ಅವನಿಗೆ ಹೊಳೆಯಿತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಗಾಡಿಯ ಹಿಂದೆ ಊರ ಗಡಿಯವರೆಗೆ ನಡೆದುಕೊಂಡೇ ಹೋದ.