ಶೇಷಾದ್ರಿಯವರ ಮೂವರು ಸೂರ್ಯರು

ಶೇಷಾದ್ರಿಯವರು ಜೀವಮಾನದಲ್ಲಿ ಒಂದು ಹನಿ ವೈನ್ ಕುಡಿದವರಲ್ಲ. ಆದರೂ ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿರುವ ಅವರ ಮನೆಗೆ ಊಟಕ್ಕೆ ಹೋದರೆ ಸಾರಿಗಿಂತ ಮೊದಲು ಸ್ವಿಸ್ ವೈನಿನ ಮೇಲೊಂದು ಉಪನ್ಯಾಸ ಬಡಿಸುತ್ತಿದ್ದರು.

ಇದಕ್ಕೆ ಕಾರಣ 2022ರ ಪ್ರವಾಸ. ನಿವೃತ್ತರಾದ ಖುಷಿಗೆ ಹೆಂಡತಿ ಕಾತ್ಯಾಯಿನಿಯವರೊಡನೆ ಯುರೋಪಿಗೆ ಹೋಗಿದ್ದರು. ಜಿನೀವಾ ಸರೋವರದ ದಂಡೆಯಲ್ಲಿ ಲಾವೋ ಎಂಬ ಜಾಗ. ಗುಡ್ಡದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ದ್ರಾಕ್ಷಿ ತೋಟಗಳು. ಅಲ್ಲಿನ ಗೈಡ್ ಹೇಳಿದಳು: ಇಲ್ಲಿನ ಶಾಸ್ಲಾ ದ್ರಾಕ್ಷಿಗೆ ಮೂವರು ಸೂರ್ಯರು. ಒಬ್ಬ ಆಕಾಶದವನು, ಒಬ್ಬ ಸರೋವರದ ನೀರಿನಿಂದ ಹೊಳೆಯುವವನು, ಇನ್ನೊಬ್ಬ ಬಿಸಿಲ ಕಾವನ್ನು ಹಿಡಿದಿಟ್ಟುಕೊಳ್ಳುವ ಕಲ್ಲುಗೋಡೆ. ಉಳಿದವರು ಬಿಳಿ ವೈನ್ ಸವಿಯುತ್ತಿದ್ದಾಗ ಶೇಷಾದ್ರಿಯವರು ಸೇಬಿನ ರಸ ಹೀರುತ್ತ ಗೋಡೆಯನ್ನು ತಡವಿ ನೋಡುತ್ತಿದ್ದರು.

ಮರಳಿ ಬಂದವರೇ ಶಾಸ್ಲಾ ಸಸಿ ತರಿಸಿ ಹಿತ್ತಲಲ್ಲಿ ನೆಟ್ಟರು. ಒಬ್ಬ ಸೂರ್ಯನಂತೂ ಬಿಟ್ಟಿ. ಕಲ್ಲು ಪೇರಿಸಿ ಮೊಣಕಾಲೆತ್ತರದ ಗೋಡೆ ಕಟ್ಟಿದರು. ಸರೋವರಕ್ಕೆಂದು ಮಕ್ಕಳು ನೀರಾಡುವ ನೀಲಿ ಪ್ಲಾಸ್ಟಿಕ್ ತೊಟ್ಟಿ ಬಂತು.

"ಏನ್ರೀ ಇದು? ನಮ್ಗೆ ಮೊಮ್ಮಕ್ಕಳೇ ಇಲ್ವಲ್ಲ!" ಎಂದರು ಕಾತ್ಯಾಯಿನಿ.

"ಅದು ಲೇಕ್ ಜಿನೀವಾ ಕಣೇ. ಕಾಲಿಡ್ಬೇಡ."

ಕಾತ್ಯಾಯಿನಿ ಕಾಲಿಡಲಿಲ್ಲ, ಎರಡು ಕೆನಡಾ ಹೆಬ್ಬಾತುಗಳು ಇಟ್ಟವು. ನೀರು ತುಂಬಿದ ವಾರದಲ್ಲೇ ಬಂದು ಸಂಸಾರ ಹೂಡಿದವು.

ಬಡಾವಣೆಯ ಸಂಘದ ಅಧ್ಯಕ್ಷೆ ವಿಚಾರಣೆಗೆ ಬಂದರು. ಈಜುಕೊಳವಿದ್ದರೆ ಬೇಲಿ ಕಡ್ಡಾಯ ಎಂದರು. ಇದು ಈಜುಕೊಳವಲ್ಲ, ಸರೋವರ ಎಂದರು ಶೇಷಾದ್ರಿ. ಸರೋವರಕ್ಕೆ ಯಾವ ನಿಯಮವೋ ಆಕೆಗೂ ತಿಳಿಯದು. ಯೋಚಿಸುತ್ತ ನಿಂತಿರುವಾಗಲೇ ಗಂಡು ಹೆಬ್ಬಾತು ಕತ್ತು ಚಾಚಿ, ಬುಸುಗುಟ್ಟುತ್ತ, ಆಕೆಯನ್ನು ರಸ್ತೆಯವರೆಗೂ ಅಟ್ಟಿಕೊಂಡು ಹೋಯಿತು. ಆಕೆ ಮತ್ತೆ ಬರಲಿಲ್ಲ. ಜಿಂಕೆಗಳೂ ಬರಲಿಲ್ಲ. ಪಕ್ಕದ ಮನೆಗಳ ಟೊಮ್ಯಾಟೊ ಜಿಂಕೆಗಳ ಪಾಲಾದರೂ ಶಾಸ್ಲಾ ಸುರಕ್ಷಿತವಾಗಿ ಬೆಳೆಯಿತು. ಸ್ವತಃ ಶೇಷಾದ್ರಿಯವರೇ ಛತ್ರಿಯನ್ನು ಗುರಾಣಿಯಂತೆ ಹಿಡಿದು ಗಿಡಕ್ಕೆ ನೀರು ಹಾಕಬೇಕಾಗುತ್ತಿತ್ತು.

2025ರ ಬೇಸಿಗೆಯ ಕೊನೆಗೆ ಗೊಂಚಲುಗಳು ಹೊಂಬಣ್ಣಕ್ಕೆ ತಿರುಗಿದವು. ಹಿಂಡಿದ ರಸವನ್ನು ಜಾಡಿಗೆ ತುಂಬಿ, ವೈನಾಗಲೆಂದು ದೇವರ ಮನೆಯ ಪಕ್ಕದ ತಂಪು ಮೂಲೆಯಲ್ಲಿಡಲು ಹೊರಟರು.

"ಅಲ್ಲಿಟ್ರೆ ನಾನು ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೇ ಶಿಫ್ಟ್ ಆಗ್ಬಿಡ್ತೀನಿ" ಎಂದರು ಕಾತ್ಯಾಯಿನಿ. ಜಾಡಿ ಗ್ಯಾರೇಜಿಗೆ ಹೋಯಿತು. ಶೇಷಾದ್ರಿಯವರಿಗೆ ತಾಳ್ಮೆಯೆಲ್ಲಿ? ದಿನಾ ಮುಚ್ಚಳ ತೆಗೆದು ಮೂಸುತ್ತಿದ್ದರು.

ರುಚಿ ನೋಡಲು ಹತ್ತಿರದ ರಾಕ್‌ವಿಲ್‌ನಿಂದ ಗುರುಪ್ರಸಾದನನ್ನು ಕರೆದರು. ಮಂಗಳೂರಿನವನು, ಪರಿಚಯದವರಲ್ಲಿ ವೈನ್ ಬಲ್ಲವನು ಅವನೊಬ್ಬನೇ. ಒಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂತು.

"ಹೇಗಿದೆಯಪ್ಪಾ?"

"ಅಂಕಲ್... ಆಸಿಡಿಟಿ ತುಂಬಾ ಸ್ಟ್ರಾಂಗ್ ಇದೆ."

ಹೊಗಳಿಕೆಯೆಂದೇ ತಿಳಿದ ಶೇಷಾದ್ರಿಯವರಿಗೆ ಧೈರ್ಯ ಬಂತು. ಕಣ್ಣು ಮುಚ್ಚಿ, ಜೀವನದ ಮೊದಲ ಗುಟುಕು ಗಟಕ್ಕನೆ ನುಂಗಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು. ಕೆಮ್ಮು ನಿಂತ ಮೇಲೆ ಮರುಕದಿಂದ ಹೇಳಿದರು: "ಓಹೋ, ಇದೇನಾ ವೈನು! ಪಾಪ ಕಣಯ್ಯಾ, ಆ ಸ್ವಿಸ್ ಜನ ನೂರಾರು ವರ್ಷದಿಂದ ಇದನ್ನ ಹೇಗೆ ಕುಡೀತಿದಾರೋ!"

ಅದು ದಿನಾ ಗಾಳಿ ತಗುಲಿ ಅಪ್ಪಟ ವಿನೆಗರ್ ಆಗಿದೆ ಎಂದು ಹೇಳಲು ಗುರುಪ್ರಸಾದನಿಗೆ ಮನಸ್ಸಾಗಲಿಲ್ಲ. ಕಾತ್ಯಾಯಿನಿ ಒಮ್ಮೆ ಮೂಸಿ, ಜಾಡಿಯನ್ನು ಅಡುಗೆಮನೆಗೆ ಒಯ್ದು ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಅದರಲ್ಲಿ ನೆನೆಹಾಕಿದರು. ಬಿಸಿಬೇಳೆಬಾತಿನ ಜೊತೆ ಗುರುಪ್ರಸಾದ ಅದನ್ನು ಮೂರು ಸಲ ಹಾಕಿಸಿಕೊಂಡ. ಮುಂದಿನ ವರ್ಷ ಪ್ಲಾಂಟ್ ರೋಬೇರ್ ಎಂಬ ಕೆಂಪು ತಳಿ ನೆಡುವೆನೆಂದು ಶೇಷಾದ್ರಿಯವರು ಘೋಷಿಸಿದಾಗ, "ಸ್ವಲ್ಪ ಜಾಸ್ತೀನೇ ಹಾಕಿ" ಎಂದರು ಕಾತ್ಯಾಯಿನಿ.